ನಿಮ್ಮ ಬಾಟಲಿ ನೀವೇ ತನ್ನಿ

ಫಿಲಡೆಲ್ಫಿಯಾದ ಮಗಳ ಮನೆಗೆ ನಾನು ಮೊದಲ ಸಲ ಹೋದದ್ದು 2009ರಲ್ಲಿ. ಹೋದ ವಾರದಲ್ಲೇ ಒಂದು ಸಂಜೆ ಅವಳು, "ಅಮ್ಮ, ಇವತ್ತು ಅಡಿಗೆ ಬೇಡ, ಇಲ್ಲೇ ಮೂಲೆ ಹೊಟೇಲಿಗೆ ಹೋಗೋಣ" ಎಂದಳು. ನಾನು ಸೀರೆ ಬದಲಾಯಿಸಿ, ಮೇಲೊಂದು ಸ್ವೆಟರು ಹಾಕಿಕೊಂಡು ಹೊರಗೆ ಬರುವಾಗ ಅವಳು ಕಪಾಟಿನ ಕೆಳಗಿನ ಖಾನೆಯಿಂದ ಒಂದು ಬಾಟಲಿ ತೆಗೆದು ಕಂದು ಕಾಗದದ ಚೀಲಕ್ಕೆ ಇಳಿಸುತ್ತಿದ್ದಳು. ನನ್ನನ್ನು ಕಂಡು ಅವಳ ಕೈ ಅಲ್ಲೇ ನಿಂತಿತು.

"ಎಂಥದ್ದೇ ಅದು?"

"ವೈನ್ ಅಮ್ಮ. ಅಲ್ಲಿ ಮಾರೋದಿಲ್ಲ. ನಾವೇ ತಗೊಂಡು ಹೋಗಬೇಕು."

ಊಟಕ್ಕೆ ಹೋಗುವವರು ಕುಡಿಯುವುದನ್ನು ಮನೆಯಿಂದ ಹೊತ್ತೊಯ್ಯುವುದು ಯಾವ ಸೀಮೆಯ ಪದ್ಧತಿ ಎಂದು ನನಗೆ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಆ ಕಾಗದದ ಚೀಲ. ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆ. ನನ್ನ ಚಿಕ್ಕಪ್ಪ ಗಡಂಗಿನಿಂದ ಬರುವಾಗ ಬಾಟಲಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಜಗಲಿಯಲ್ಲಿ ಪೇಪರು ಸರಬರ ಎಂದರೆ ಸಾಕು, ಚಿಕ್ಕಮ್ಮ ಮಕ್ಕಳನ್ನೆಲ್ಲ ಒಳಕೋಣೆಗೆ ಸೇರಿಸಿ ಅಗಳಿ ಹಾಕುತ್ತಿದ್ದರು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ನಮ್ಮ ಬೀದಿಯ ಹೆಂಗಸರೊಂದಿಗೆ ನಾನೂ ಎರಡು ದಿನ ಸಾರಾಯಿ ಅಂಗಡಿಯ ಎದುರು ಕೂತವಳೇ. ಅಂಗಡಿ ಮುಚ್ಚಲಿಲ್ಲ ಅನ್ನಿ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಅಷ್ಟರಲ್ಲಿ ಚಿಕ್ಕಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹೀಗಾಗಿ ಬಾಟಲಿ ಹಿಡಿದ ಮಗಳ ಹಿಂದೆ ಆ ಸಂಜೆ ನಾನು ಮಾತಿಲ್ಲದೆ ನಡೆದೆ.

ಹೊಟೇಲು ನಾನು ಎಣಿಸಿದ ಹಾಗಿರಲಿಲ್ಲ. ಆ ಊರಿನ ಹಳೆಯ ಕೇರಿಗಳಲ್ಲಿ ಇಟ್ಟಿಗೆಯ ಮನೆಗಳು ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ಸಾಲಾಗಿ ನಿಂತಿವೆ. ಸಾಲಿನ ಮೂಲೆಯ ಮನೆ ಒಂದು ಕಾಲದಲ್ಲಿ ದಿನಸಿ ಅಂಗಡಿಯೋ ಔಷಧಿ ಅಂಗಡಿಯೋ ಆಗಿದ್ದದ್ದು, ಈಗ ಊಟದ ಮನೆ. ಮೂವತ್ತು ಕುರ್ಚಿ. ಗೋಡೆಯ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ಎಂಟು ಹತ್ತು ತಿಂಡಿಗಳ ಹೆಸರು. ಒಳಗಿನ ಅಡಿಗೆಮನೆ ನಮ್ಮ ಮನೆಯದಕ್ಕಿಂತ ದೊಡ್ಡದೇನಲ್ಲ. ಕುರ್ಚಿಯಲ್ಲಿ ಕೂತು ಸುತ್ತ ಕಣ್ಣಾಡಿಸಿದೆ. ಏನೋ ಒಂದು ಇಲ್ಲ ಅನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿ ಬಾರ್ ಇರಲಿಲ್ಲ. ಎತ್ತರದ ಸ್ಟೂಲುಗಳ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತು, ಒಳಗೆ ಬರುವ ಹೆಂಗಸರನ್ನು ಮೇಲಿಂದ ಕೆಳಗೆ ನೋಡುವ ಗಂಡಸರ ಸಾಲು ಇರಲಿಲ್ಲ.

ನಮ್ಮ ಊರುಗಳ ಸಂಗತಿ ನಿಮಗೆ ಗೊತ್ತೇ ಇದೆ. "ಬಾರ್ ಅಂಡ್ ರೆಸ್ಟೋರೆಂಟ್" ಎಂಬ ಬೋರ್ಡಿನ ಕೆಳಗಿನ ಕಪ್ಪು ಗಾಜಿನ ಬಾಗಿಲನ್ನು ನಮ್ಮಲ್ಲಿ ಎಷ್ಟು ಜನ ತಳ್ಳಿ ಒಳಗೆ ಹೋಗಿದ್ದೇವೆ? ಒಳ್ಳೆಯ ಮೀನಿನ ಊಟ, ನೀರ್ ದೋಸೆಯ ಜೊತೆ ಕೋಳಿ ಸಾರು, ಇವೆಲ್ಲ ಚೆನ್ನಾಗಿ ಆಗುವುದು ಅಲ್ಲೇ ಎಂದು ಗಂಡಸರು ಹೇಳುತ್ತಾರೆ. ನಮ್ಮ ಪಾಲಿಗೆ ಬರುವುದು ಪಾರ್ಸೆಲ್, ತಣ್ಣಗಾಗಿ, ಪ್ಲಾಸ್ಟಿಕ್ ಕವರಿನ ವಾಸನೆ ಹೊತ್ತು. ಇಲ್ಲದಿದ್ದರೆ "ಫ್ಯಾಮಿಲಿ ರೂಂ" ಎಂಬ, ಪರದೆ ಬಿಟ್ಟ ಪೆಟ್ಟಿಗೆ. ಅದರೊಳಗೆ ಕೂತು ಉಣ್ಣುವಾಗ ನಾವೇ ಏನೋ ತಪ್ಪು ಮಾಡಿ ಅಡಗಿ ಕೂತ ಹಾಗೆ ಅನಿಸುತ್ತದೆ. ಅಲ್ಲಿಗೂ ಒಬ್ಬಳೇ ಹೋಗುವಂತಿಲ್ಲ, ಫ್ಯಾಮಿಲಿಯೇ ಬೇಕು.

ಬಾರ್ ಇಲ್ಲದ ಈ ಹೊಟೇಲುಗಳು ಫಿಲಡೆಲ್ಫಿಯಾದ ಬೀದಿಬೀದಿಯಲ್ಲಿ ಯಾಕೆ ಹುಟ್ಟಿಕೊಂಡವು ಎಂದು ಮಗಳನ್ನು ಕೇಳಿದೆ. ಅವಳಿಗೂ ಅರ್ಧಂಬರ್ಧ ಗೊತ್ತಿತ್ತು. ಉಳಿದದ್ದನ್ನು ನಾನೇ ಓದಿಕೊಂಡೆ. ಓದುತ್ತ ಹೋದಂತೆ ಸಾರಾಯಿ ಅಂಗಡಿಯ ಎದುರು ಕೂತ ಆ ಎರಡು ದಿನ ಮತ್ತೆ ಮತ್ತೆ ನೆನಪಾಯಿತು.

ಅಮೆರಿಕದ ಹೆಂಗಸರೂ ಕುಡುಕರ ಕಾಟ ತಾಳಲಾರದೆ ಬೀದಿಗೆ ಇಳಿದವರೇ. ಹೆಂಡದಂಗಡಿ ಮುಚ್ಚಿಸಬೇಕೆಂದು 1874ರಲ್ಲಿ ಅವರು ವಿಮೆನ್ಸ್ ಕ್ರಿಶ್ಚಿಯನ್ ಟೆಂಪರೆನ್ಸ್ ಯೂನಿಯನ್ ಎಂಬ ಸಂಘ ಕಟ್ಟಿದರು. ಆ ಹೋರಾಟ ಬೆಳೆಯುತ್ತ ಬಂದು 1920ರಲ್ಲಿ ಇಡೀ ದೇಶಕ್ಕೆ ಪಾನನಿಷೇಧ ಬಂತು. ಕಳ್ಳಭಟ್ಟಿ, ಗೂಂಡಾಗಿರಿ ಹೆಚ್ಚಿ ಅದು ಸೋತದ್ದು, 1933ರ ಡಿಸೆಂಬರ್ 5ರಂದು ರದ್ದಾದದ್ದು ಎಲ್ಲರಿಗೂ ಗೊತ್ತಿರುವ ಕತೆ. ರದ್ದು ಮಾಡಿ ಎಂದು ಕೇಳಿದವರಲ್ಲಿಯೂ ಹೆಂಗಸರ ದೊಡ್ಡ ಗುಂಪೊಂದು ಇತ್ತು ಎಂಬುದನ್ನು ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಆಗ ಗಿಫರ್ಡ್ ಪಿಂಚೋ ಎಂಬವರು ಗವರ್ನರ್. ಪಾನನಿಷೇಧದ ಗಟ್ಟಿ ಪಕ್ಷಪಾತಿ. ದೇಶದ ಕಾನೂನು ಹೋದರೇನಾಯಿತು, ನನ್ನ ರಾಜ್ಯದಲ್ಲಿ ಕುಡಿಯುವುದು ಸುಲಭವಾಗಬಾರದು ಎಂದುಕೊಂಡು ರದ್ದಾಗುವ ಕೆಲವೇ ದಿನ ಮೊದಲು ಮದ್ಯ ನಿಯಂತ್ರಣ ಮಂಡಳಿಯೊಂದನ್ನು ಮಾಡಿಸಿದರು. ವೈನು, ಬ್ರಾಂಡಿ ಮಾರುವ ಹಕ್ಕು ಸರ್ಕಾರದ ಅಂಗಡಿಗೆ ಮಾತ್ರ. ಮೊದಲ ಕೆಲವು ದಶಕ ಆ ಅಂಗಡಿಗಳು ನಮ್ಮ ರೇಷನ್ ಅಂಗಡಿಯ ಹಾಗೇ ಇದ್ದವು. ಬಾಟಲಿಯೆಲ್ಲ ಗುಮಾಸ್ತನ ಬೆನ್ನ ಹಿಂದೆ, ಗಿರಾಕಿ ಕೌಂಟರಿನ ಈಚೆ ನಿಂತು ಇಂಥದ್ದು ಬೇಕು ಎಂದು ಕೇಳಬೇಕು. ಕಿರಾಣಿ ಅಂಗಡಿಗಳಲ್ಲಿ ವೈನಿನ ಬಾಟಲಿ ಕಾಣಿಸಿಕೊಂಡದ್ದು 2016ರಲ್ಲಿ ಕಾನೂನು ತಿದ್ದಿದ ಮೇಲೆ. ಇದರ ಜೊತೆಗೆ ಒಂದು ತೆರಿಗೆಯ ಕತೆಯೂ ಇದೆ. 1936ರಲ್ಲಿ ಜಾನ್ಸ್‌ಟೌನ್ ಎಂಬ ಊರು ನೆರೆಯಲ್ಲಿ ಮುಳುಗಿದಾಗ ಪರಿಹಾರಕ್ಕೆಂದು ಮದ್ಯದ ಮೇಲೆ ಶೇಕಡಾ 10 ತಾತ್ಕಾಲಿಕ ತೆರಿಗೆ ಹಾಕಿದರು. ನೆರೆ ಇಳಿಯಿತು, ಊರು ಮತ್ತೆ ಎದ್ದಿತು. ತೆರಿಗೆ ಮಾತ್ರ ಶೇಕಡಾ 18ಕ್ಕೆ ಏರಿ ಇವತ್ತಿಗೂ ಉಳಿದಿದೆ. ಸರ್ಕಾರಗಳೆಲ್ಲ ಒಂದೇ ಜಾತಿ.

ಹೊಟೇಲುಗಳ ಕತೆ ಇಲ್ಲಿಂದ ಶುರು. ಆ ರಾಜ್ಯದಲ್ಲಿ ಕೂತು ಕುಡಿಯುವ ಲೈಸೆನ್ಸಿಗೂ ಲೆಕ್ಕವಿದೆ. ಜಿಲ್ಲೆಯಲ್ಲಿ ಮೂರು ಸಾವಿರ ಜನಕ್ಕೆ ಒಂದು. ಹೊಸದು ಸುಲಭಕ್ಕೆ ಸಿಗುವುದಿಲ್ಲ, ಇದ್ದವರಿಂದ ಕೊಳ್ಳಬೇಕು. ಫಿಲಡೆಲ್ಫಿಯಾದಲ್ಲಿ ಅದರ ಬೆಲೆ ಒಂದು ಲಕ್ಷ ಡಾಲರಿಗೂ ಮೇಲೆ ಹೋದದ್ದಿದೆ. ಅಡಿಗೆ ಬರುತ್ತದೆ, ಆಸೆ ಇದೆ, ಕೈಯಲ್ಲಿ ದುಡ್ಡಿಲ್ಲ ಎನ್ನುವವರು ಏನು ಮಾಡಬೇಕು? ಲೈಸೆನ್ಸಿನ ಗೊಡವೆಯೇ ಬೇಡವೆಂದು ಮೂಲೆ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಬಾಗಿಲಿಗೆ ಬಿ.ವೈ.ಒ.ಬಿ. ಎಂದು ಬರೆದು ಅಂಟಿಸಿದರು. ನಿಮ್ಮ ಬಾಟಲಿ ನೀವೇ ತನ್ನಿ ಎಂಬ ಮಾತಿನ ಇಂಗ್ಲಿಷ್ ಮೊದಲಕ್ಷರಗಳು ಅವು. 1990ರಲ್ಲಿ ಡಿಮಿಟ್ರೀಸ್ ಎಂಬ ಪುಟ್ಟ ಗ್ರೀಕ್ ಮೀನಿನ ಹೊಟೇಲು ಹೀಗೆ ಶುರುವಾಯಿತು. 1996ರಲ್ಲಿ ಆಡ್ರಿ ಟೈಕ್‌ಮನ್ ಎಂಬ ತರುಣಿ ಆಡ್ರಿ ಕ್ಲೇರ್ ಎಂಬುದನ್ನು ತೆರೆದಳು. ಆಮೇಲೆ ಸಾಲು ಸಾಲು. ಸಣ್ಣ ಬಂಡವಾಳದ ಹೆಂಗಸೊಬ್ಬಳು ತನ್ನದೇ ಹೊಟೇಲಿನ ಯಜಮಾನಿ ಆಗುವ ದಾರಿಯನ್ನು ಪಿಂಚೋ ಸಾಹೇಬರು ತಮಗೇ ಗೊತ್ತಿಲ್ಲದೆ ಮಾಡಿಕೊಟ್ಟ ಹಾಗಾಯಿತು.

ಇನ್ನು ಊಟದ ಮಾತು. ಕಡಲ ತಡಿಯವಳಾದ ನನ್ನನ್ನು ಮೀನಿನ ವಿಷಯದಲ್ಲಿ ಯಾರೂ ಸುಲಭಕ್ಕೆ ಒಪ್ಪಿಸಲಾರರು. ಆ ಮೊದಲ ಸಂಜೆ ಮಗಳು ತರಿಸಿದ್ದು ನಮ್ಮ ಬೊಂಡಾಸಿನ ದಾಯಾದಿ ಆಕ್ಟೋಪಸ್. ಅದು ಸ್ವಲ್ಪ ಏಮಾರಿದರೆ ರಬ್ಬರು. ಇವರು ಮೊದಲು ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ, ಆಮೇಲೆ ಕೆಂಡದಂಥ ಕಬ್ಬಿಣದ ಮೇಲೆ ಎರಡು ನಿಮಿಷ ಹಾಕಿ ಅಂಚು ಕರಿದಾಗಿಸಿದ್ದರು. ಮೇಲೆ ಆಲಿವ್ ಎಣ್ಣೆ, ನಿಂಬೆರಸ, ಕಲ್ಲುಪ್ಪು. ಮತ್ತೇನೂ ಇಲ್ಲ. ಖಾರವಿಲ್ಲದ ಮೀನನ್ನು ಬಾಣಂತಿ ಊಟ ಎಂದು ತಿಳಿದಿದ್ದ ನಾನು ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದೆ. ಹಿಂದೆ ಬಂದ ಕೋಳಿ ಮಾತ್ರ ಸಪ್ಪೆ. ಅವರು ಎಷ್ಟು ಹೊಗಳಿದರೂ ಅದು ಸಪ್ಪೆಯೇ. ಒಲೆಯಲ್ಲಿ ಸುಟ್ಟ ಬೀಟ್‌ರೂಟಿಗೆ ಆಡಿನ ಹಾಲಿನ ಗಿಣ್ಣಿನಂಥ ಚೀಸ್ ಸೇರಿಸಿದ್ದು ಇಂಥ ಹೊಟೇಲುಗಳಲ್ಲೆಲ್ಲ ಕಾಣುತ್ತದೆ. ಮೊದಲ ಸಲ ರುಚಿ, ಐದನೆಯ ಸಲ ಇವರಿಗೆ ಬೇರೆ ತರಕಾರಿ ಸಿಗುವುದಿಲ್ಲವೇ ಅನಿಸುತ್ತದೆ.

ಆದರೂ ಮೂರು ಸಲ ಆ ಊರಿಗೆ ಹೋಗಿ ಇಂಥ ಇಪ್ಪತ್ತು ಕಡೆಯಾದರೂ ಉಂಡ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಇಲ್ಲಿ ಅಡಿಗೆಗೆ ಮೋಸವಿಲ್ಲ. ಕಾರಣ ಬಡತನ. ಲೈಸೆನ್ಸ್ ಇರುವ ಹೊಟೇಲು ಅಂಗಡಿಯಲ್ಲಿ ಹದಿನೈದು ಡಾಲರಿಗೆ ಸಿಗುವ ಬಾಟಲಿಯನ್ನು ಮೂವತ್ತಕ್ಕೋ ನಲವತ್ತಕ್ಕೋ ಮಾರುತ್ತದೆ. ಬಾಡಿಗೆ, ಸಂಬಳ ಎಲ್ಲ ಆ ಲಾಭದಿಂದಲೇ ಹೊರಡುತ್ತದೆ. ಮೀನು ಸ್ವಲ್ಪ ಒಣಗಿದರೂ ಕುಡಿದ ಗಿರಾಕಿಗೆ ತಿಳಿಯುವುದಿಲ್ಲ. ಬಾಟಲಿ ಮಾರದವರಿಗೆ ಆ ಆಸರೆ ಇಲ್ಲ. ತಟ್ಟೆಯಲ್ಲಿ ಇರುವುದು ಚೆನ್ನಾಗಿಲ್ಲದಿದ್ದರೆ ಜನ ಮತ್ತೆ ಯಾಕೆ ಬರುತ್ತಾರೆ?

ನನ್ನಂಥ ಕುಡಿಯದವಳಿಗೆ ಇದರಲ್ಲಿ ಇನ್ನೊಂದು ಸುಖವಿದೆ. ದೊಡ್ಡ ಹೊಟೇಲಿನಲ್ಲಿ "ನನಗೆ ನೀರು ಸಾಕು" ಎಂದ ತಕ್ಷಣ ವೇಟರನ ಮುಖ ಅರ್ಧ ಇಂಚು ಇಳಿಯುವುದನ್ನು ಕಂಡಿದ್ದೇನೆ. ಅವನ ಲೆಕ್ಕದಲ್ಲಿ ನಾನು ನಷ್ಟದ ಗಿರಾಕಿ. ಇಲ್ಲಿ ಕುಡಿಯುವವನಿಂದಲೂ ಕುಡಿಯದವಳಿಂದಲೂ ಅವರಿಗೆ ಬರುವುದು ಒಂದೇ, ಊಟದ ದುಡ್ಡು. ನೀರಿನ ಜಗ್ಗು ಕೇಳದೆಯೇ ಮೇಜಿಗೆ ಬರುತ್ತದೆ.

ಹಾಗೆಂದು ಎಲ್ಲವೂ ಚೆಂದ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲನೆಯದು ಗಲಾಟೆ. ಇಟ್ಟಿಗೆ ಗೋಡೆ, ಮರದ ನೆಲ, ಒಂದಕ್ಕೊಂದು ತಾಗುವ ಮೇಜು. ಮೂವತ್ತು ಜನ ಒಟ್ಟಿಗೆ ಮಾತಾಡಿದರೆ ಪಕ್ಕದಲ್ಲೇ ಕೂತ ಮಗಳ ಮಾತು ನನಗೆ ಕೇಳಿಸದು, ಹಿಂದಿನ ಮೇಜಿನವರ ವಿಚ್ಛೇದನದ ವಿವರವೆಲ್ಲ ಕೇಳಿಸುತ್ತದೆ. ಅಲ್ಲಿನ ಇನ್‌ಕ್ವೈರರ್ ಪತ್ರಿಕೆಗೆ 1998ರಿಂದ ಹೊಟೇಲು ವಿಮರ್ಶೆ ಬರೆಯುತ್ತ ಬಂದ ಕ್ರೇಗ್ ಲಬಾನ್ ಅವರು ಊಟಕ್ಕೆ ಗಂಟೆಗಳ ಲೆಕ್ಕದಲ್ಲಿ ಅಂಕ ಕೊಡುವುದಲ್ಲದೆ, ಸದ್ದು ಎಷ್ಟು ಡೆಸಿಬಲ್ ಎಂದು ಅಳೆದು ಬರೆಯುತ್ತಿದ್ದರು. 75ರ ಒಳಗಿದ್ದರೆ ಹಿತ ಎಂದು ಅವರ ಲೆಕ್ಕ. ಆ ಉಪಕಾರಕ್ಕಾಗಿ ಅವರಿಗೆ ನನ್ನದೊಂದು ನಮಸ್ಕಾರ.

ಎರಡನೆಯದು ಗಡಿಯಾರ. ಬಾಟಲಿಯ ಲಾಭವಿಲ್ಲದ ಮೇಲೆ ಶನಿವಾರ ರಾತ್ರಿ ಒಂದೇ ಮೇಜಿನಲ್ಲಿ ಎರಡು ಪಂಕ್ತಿ ಏಳಲೇಬೇಕು. 2014ರಲ್ಲಿ ಒಂದು ಕಡೆ ನಾನಿನ್ನೂ ಕೊನೆಯ ಸಿಹಿಯನ್ನು ಚಮಚದಲ್ಲಿ ಎತ್ತುತ್ತಿರುವಾಗಲೇ ಬಿಲ್ಲು ಬಂತು. ಬಾಗಿಲ ಹೊರಗೆ ಚಳಿಯಲ್ಲಿ ನಿಂತವರು ಗಾಜಿನ ಮೂಲಕ ನನ್ನ ಬಟ್ಟಲನ್ನೇ ನೋಡುತ್ತಿದ್ದರು. ಮದುವೆ ಮನೆಯಲ್ಲಿ ಎಲೆಯ ಹಿಂದೆ ನಿಂತವರ ನೆನಪಾಗಿ ಗಬಗಬ ನುಂಗಿ ಎದ್ದೆ. ಮನೆಯಂಥ ಹೊಟೇಲು ಎಂದು ಇವರು ಹೇಳಿಕೊಳ್ಳುವುದು ಆಗ ಸ್ವಲ್ಪ ಕಹಿಯಾಯಿತು.

ಬಾಟಲಿಗಳ ಪ್ರದರ್ಶನ ಇನ್ನೊಂದು. ಕೆಲವರು ಐಸ್ ತುಂಬಿದ ಚೀಲದಲ್ಲಿ ನಾಲ್ಕು ನಾಲ್ಕು ತರುತ್ತಾರೆ, ಲೇಬಲ್ಲು ಪಕ್ಕದ ಮೇಜಿಗೆ ಕಾಣುವಂತೆ ತಿರುಗಿಸಿ ಇಡುತ್ತಾರೆ. ನಮ್ಮಲ್ಲಿ ಮದುವೆಗೆ ಹೋದಾಗ ಸೀರೆಯ ಸೆರಗು ತಿರುಗಿಸಿ ಕೂರುವವರನ್ನು ನಾನು ಬಯ್ಯುವುದಿಲ್ಲ, ಇವರನ್ನೂ ಬಯ್ಯಲಾರೆ. ಆದರೆ ಬಡಿಸುವವರ ಗತಿ ನೋಡಿ. ಪೆನ್ಸಿಲ್ವೇನಿಯಾದಲ್ಲಿ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಕೂಲಿ, ನಾನು ಕೊನೆಯ ಸಲ ಹೋದ 2022ರಲ್ಲೂ ಗಂಟೆಗೆ 2 ಡಾಲರ್ 83 ಸೆಂಟ್. ಉಳಿದದ್ದು ಗಿರಾಕಿಯ ಕೈಯಿಂದ ಬರಬೇಕು, ಬಿಲ್ಲಿನ ಐದನೇ ಒಂದು ಭಾಗ ಕೊಡುವುದು ರೂಢಿ. ಬಿಲ್ಲಿನಲ್ಲಿ ವೈನೇ ಇಲ್ಲದ ಮೇಲೆ ಆ ಭಾಗವೂ ಚಿಕ್ಕದು. ಬಿರಡೆ ಕೀಳುವುದು, ಗ್ಲಾಸು ಬದಲಾಯಿಸುವುದು, ತೊಳೆಯುವುದು ಏನೂ ಕಡಿಮೆಯಾಗಲಿಲ್ಲ. ಮಗಳು ಪ್ರತಿ ಸಲ ಬಾಟಲಿಯ ಲೆಕ್ಕವೆಂದು ಬೇರೆ ನೋಟು ಸೇರಿಸಿ ಇಡುತ್ತಿದ್ದಳು. ನಾಲ್ಕು ಬಾಟಲಿಯವರು ಇಟ್ಟದ್ದನ್ನು ನಾನು ನೋಡಲಿಲ್ಲ.

ಈ ಹೊಟೇಲುಗಳ ಬಗ್ಗೆ ಬರೆಯುವವರೆಲ್ಲ ಒಂದು ಚಿತ್ರವನ್ನು ತಪ್ಪದೆ ಬರೆಯುತ್ತಾರೆ: ಒಳಗೆ ಗಂಡ ಅಡಿಗೆ ಮಾಡುತ್ತಾನೆ, ಹೊರಗೆ ಹೆಂಡತಿ ನಗುನಗುತ್ತ ಉಪಚರಿಸುತ್ತಾಳೆ. 2001ರಲ್ಲಿ ತೆರೆದ ಜ್ಯಾಂಗೋ ಎಂಬುದು ಈ ಬಗೆಯಲ್ಲಿ ಬಹಳ ಹೆಸರು ಮಾಡಿತು. ಲಬಾನ್ ಅವರ ನಾಲ್ಕು ಗಂಟೆಗಳೂ ಅದಕ್ಕೆ ಸಿಕ್ಕವು. ಬ್ರಯಾನ್ ಸಿಕೋರಾ ಒಲೆಯ ಮುಂದೆ, ಏಮಿ ಓಲೆಕ್ಸಿ ಹೊರಗೆ. ಆಕೆ ಆರಿಸಿ ಜೋಡಿಸುತ್ತಿದ್ದ ಚೀಸಿನ ತಟ್ಟೆಗೆಂದೇ ಜನ ಹೋಗುತ್ತಿದ್ದರಂತೆ. ಹೊಗಳಿಕೆಯನ್ನೆಲ್ಲ ಓದುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಮನೆಯಂತೆ ಇದೆ ಎಂದರೆ ಮನೆಯಲ್ಲಿ ಯಾರೋ ಒಬ್ಬಳು ಕೂರದೆ ನಿಂತಿದ್ದಾಳೆ ಎಂದೇ ಅರ್ಥ. ರಾತ್ರಿ ಹತ್ತೂವರೆಗೆ, ಕೊನೆಯ ಮೇಜಿನವರು ಇನ್ನೂ ಎರಡನೆಯ ಬಾಟಲಿ ಮುಗಿಸುತ್ತಿರುವಾಗ, ಬಾಗಿಲ ಬಳಿಯ ಕಂಬಕ್ಕೆ ಒರಗಿ ಒಂದು ಕಾಲಿನ ಚಪ್ಪಲಿ ಕಳಚಿ ನಿಂತ ಯಜಮಾನಿಯರನ್ನು ನಾನು ಒಂದಲ್ಲ ಎರಡು ಕಡೆ ನೋಡಿದ್ದೇನೆ. ಡೆಸಿಬಲ್ ಅಳೆದ ಹಾಗೆ ಅದನ್ನೂ ಅಳೆದು ಬರೆಯುವ ವಿಮರ್ಶಕರು ಬರಬೇಕು. ಏಮಿ ಓಲೆಕ್ಸಿ ಮುಂದೆ ಹಳ್ಳಿಯ ಕಡೆಯ ಕೆನೆಟ್ ಸ್ಕ್ವೇರ್‌ನಲ್ಲಿ 2007ರಲ್ಲಿ ತಾಲೂಲಾಸ್ ಟೇಬಲ್ ಎಂಬ ಅಂಗಡಿ ನಡೆಸಿ ದೊಡ್ಡ ಹೆಸರು ಪಡೆದರು. ಹಗಲು ಚೀಸು, ಬ್ರೆಡ್ಡಿನ ವ್ಯಾಪಾರ, ರಾತ್ರಿ ಒಂದೇ ಒಂದು ಉದ್ದನೆಯ ಮೇಜು, ಅದಕ್ಕೆ ವರ್ಷ ಮೊದಲೇ ಹೆಸರು ಬರೆಸಬೇಕು. ಹೆಸರು ಬರೆಸಿಕೊಂಡು ಕಾಯುವ ತಾಳ್ಮೆ ನನಗಿರಲಿಲ್ಲ.

2022ರಲ್ಲಿ ಹೋದಾಗ ಕೊರೋನಾ ಕಾಲದಲ್ಲಿ ಬೀದಿಗೆ ಇಳಿಸಿದ ಮೇಜುಗಳು ಕೆಲವು ಕಡೆ ಇನ್ನೂ ಹೊರಗೇ ಇದ್ದವು, ಒಂದೆರಡು ಹಳೆಯ ಬಾಗಿಲುಗಳು ಮುಚ್ಚಿದ್ದವು. ಮಗಳ ಬೀದಿಯ ಮೂಲೆಯದು ಇತ್ತು. ಒಂದು ಮಂಗಳವಾರ ಸಂಜೆ ಅಲ್ಲಿ ಕೂತಿದ್ದಾಗ ನನ್ನ ವಯಸ್ಸಿನ ಹೆಂಗಸೊಬ್ಬರು ಒಳಗೆ ಬಂದರು. ಒಬ್ಬರೇ. ಬಟ್ಟೆಯ ಚೀಲದಿಂದ ಒಂದು ಪುಸ್ತಕ, ಅರ್ಧ ಖಾಲಿಯಾದ ಒಂದು ಬಾಟಲಿ ತೆಗೆದರು. ಕಿಟಕಿ ಪಕ್ಕದ ಸಣ್ಣ ಮೇಜಿಗೆ ಯಜಮಾನಿ ಕೇಳದೆಯೇ ಗ್ಲಾಸು ತಂದಿಟ್ಟರು. ಆಕೆ ಒಂದು ಗ್ಲಾಸು ಬಗ್ಗಿಸಿಕೊಂಡು ಓದುತ್ತ, ನಿಧಾನವಾಗಿ ಮೀನು ಬಿಡಿಸಿ ತಿಂದು, ಬಾಟಲಿಗೆ ಬಿರಡೆ ಒತ್ತಿ, ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು. ಒಳಗಿದ್ದ ಯಾರೂ ತಲೆ ಎತ್ತಿ ನೋಡಲಿಲ್ಲ. ನೋಡಿದವಳು ನಾನೊಬ್ಬಳೇ. ಅರವತ್ತು ದಾಟಿದ ನಾನು ಕತ್ತಲಾದ ಮೇಲೆ ಹೊಟೇಲಿನಲ್ಲಿ ಒಬ್ಬಳೇ ಕೂತು ಉಂಡದ್ದು ಅಲ್ಲಿಯವರೆಗೆ ಒಂದು ದಿನವೂ ಇಲ್ಲ. ಬಾಟಲಿ ಎಂದರೆ ಅಗಳಿ ಹಾಕಿದ ಕೋಣೆ ಎಂದಷ್ಟೇ ತಿಳಿದವಳಿಗೆ ಆ ಅರ್ಧ ಬಾಟಲಿ ತುಂಬ ದಿನ ಕಣ್ಣ ಮುಂದೆ ಇತ್ತು. ಕುಡಿತದ ಬಗ್ಗೆ ನನ್ನ ಮನಸ್ಸು ಬದಲಾಗಲಿಲ್ಲ. ಚಿಕ್ಕಮ್ಮನ ಮುಖ ನೆನಪಿರುವವರೆಗೆ ಬದಲಾಗುವುದೂ ಇಲ್ಲ.

ಮುಂದಿನ ವಾರ ಮಗಳಿಗೆ ರಾತ್ರಿ ಪಾಳಿ ಇತ್ತು. ಫ್ರಿಜ್ಜಿನಲ್ಲಿ ಸಾರು ಇತ್ತು, ಅನ್ನ ಇತ್ತು. ನಾನು ಸೀರೆ ಬದಲಾಯಿಸಿದೆ. ಊರಿನಿಂದ ತಂದಿದ್ದ ಪುನರ್ಪುಳಿಯ ಸಕ್ಕರೆ ಪಾಕವನ್ನು ನೀರಿನಲ್ಲಿ ಹದವಾಗಿ ಬೆರೆಸಿ, ಚಿಟಿಕೆ ಉಪ್ಪು ಹಾಕಿ, ತೊಳೆದಿಟ್ಟಿದ್ದ ಒಂದು ಬಾಟಲಿಗೆ ತುಂಬಿದೆ. ಕಾಗದದ ಚೀಲವೂ ಸಿಕ್ಕಿತು. ಬಾಗಿಲ ಬಳಿ ಯಜಮಾನಿ "ಎಷ್ಟು ಜನ?" ಎಂದರು. "ಒಬ್ಬಳೇ" ಎನ್ನುವಾಗ ಸ್ವರ ಸ್ವಲ್ಪ ನಡುಗಿತು. ಅದೇ ಕಿಟಕಿಯ ಮೇಜು ಕೊಟ್ಟರು, ಉದ್ದ ಕಾಲಿನ ಗ್ಲಾಸು ತಂದಿಟ್ಟು, ಬಾಟಲಿ ತೆಗೆದು ಬಗ್ಗಿಸಿದರು. ದೀಪಕ್ಕೆ ಹಿಡಿದು ಆ ಕೆಂಪು ನೋಡಿ ಅವರ ಹುಬ್ಬು ಮೇಲೆ ಹೋಯಿತು.

"ಯಾವ ವರ್ಷದ್ದು ಇದು?"

"ಕಳೆದ ಮೇ ತಿಂಗಳದ್ದು" ಎಂದೆ. ಆಮೇಲೆ ಹಣ್ಣಿನ ಕತೆ ಹೇಳಬೇಕಾಯಿತು. ಅವರು ಅರ್ಧ ಲೋಟ ಅಡಿಗೆಮನೆಗೂ ತೆಗೆದುಕೊಂಡು ಹೋದರು. ಒಳಗಿನಿಂದ ಬೆವರು ಒರೆಸಿಕೊಳ್ಳುತ್ತ ಇಣುಕಿದ ಅವರ ಗಂಡ, ಇದರಲ್ಲಿ ಮೀನು ಬೇಯಿಸಬಹುದೇ ಎಂದು ಕೇಳಿದರು. ಸಿಪ್ಪೆಯನ್ನು ಹುಳಿಗೆ ಹಾಕುತ್ತಾರೆ, ಪಾಕವನ್ನಲ್ಲ, ಎಂದೆ.

ಊಟ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಮಂಗಳವಾರವಾದ್ದರಿಂದ ಯಾರೂ ಎಬ್ಬಿಸಲಿಲ್ಲ. ಬಿಲ್ಲಿನ ಜೊತೆ ಬಾಟಲಿಯ ಲೆಕ್ಕದ ನೋಟು ಬೇರೆ ಇಟ್ಟು, ಉಳಿದ ಪುನರ್ಪುಳಿಗೆ ಬಿರಡೆ ಹಾಕಿ ಚೀಲಕ್ಕೆ ಸೇರಿಸಿಕೊಂಡು ಮನೆಗೆ ನಡೆದೆ.